ಅಳಿಯನ ಪೋಸ್ಟಿಂಗ್ ಕೊರಿಯಾದಲ್ಲಿ: ಮಗಳು ಅಲ್ಲಿ ಇಂಗ್ಲಿಷ್ ಕಲಿಸಬಹುದೇ?

ಪ್ರಶ್ನೆ: ನಾನು ಧಾರವಾಡದ ಮಾಳಮಡ್ಡಿಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನನ್ನ ಮಗಳು ಕರ್ನಾಟಕ ವಿಶ್ವವಿದ್ಯಾಲಯದಿಂದ ಇಂಗ್ಲಿಷ್ ಎಂ.ಎ. ಮುಗಿಸಿ, ಬಿ.ಎಡ್. ಮಾಡಿಕೊಂಡು ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ನಾಲ್ಕು ವರ್ಷ ಕಲಿಸಿದ್ದಾಳೆ. ಅಳಿಯ ಗದಗ ಮೂಲದವರು, ಈಗ ಅಮೆರಿಕದ ಪ್ರಜೆ, ಅಲ್ಲಿನ ಭೂಸೇನೆಯಲ್ಲಿದ್ದಾರೆ. ಅವರನ್ನು ದಕ್ಷಿಣ ಕೊರಿಯಾದ ಪ್ಯೊಂಗ್‌ಟೇಕ್‌ಗೆ ಕಳುಹಿಸಿದ್ದಾರೆ, ಮಗಳೂ ಜೊತೆಗಿದ್ದಾಳೆ. ಅವಳದು ಭಾರತದ ಪಾಸ್‌ಪೋರ್ಟ್, ಅಮೆರಿಕದ ಗ್ರೀನ್ ಕಾರ್ಡ್ ಇದೆ, ಕೊರಿಯಾದ ವೀಸಾ ಎ-3. ಊರಿನ ಒಂದು ಇಂಗ್ಲಿಷ್ ಅಕಾಡೆಮಿಯವರು, ‘ವೀಸಾ ಇದ್ದೇ ಇದೆಯಲ್ಲ, ಬೇರೆ ಕಾಗದ ಬೇಡ, ಸಂಬಳ ನಗದಾಗಿ ಕೊಡುತ್ತೇವೆ’ ಎನ್ನುತ್ತಿದ್ದಾರೆ. ನೆರೆಯ ಕೊರಿಯನ್ ತಾಯಂದಿರು ಮಕ್ಕಳಿಗೆ ಟ್ಯೂಷನ್ ಕೇಳುತ್ತಿದ್ದಾರೆ. ನನ್ನ ತಮ್ಮ ಬೆಳಗಾವಿಯ ಮರಾಠಾ ರೆಜಿಮೆಂಟಿನಲ್ಲಿದ್ದ. ಅವನ ಹೆಂಡತಿ ಹೋದ ಊರಿನಲ್ಲೆಲ್ಲ ಕಲಿಸಿದಳು, ಯಾರೂ ಏನೂ ಕೇಳಲಿಲ್ಲ. ಮಗಳು ಕಲಿಸಿದರೆ ತಪ್ಪೇನು?

ಉತ್ತರ: ಗುರುಗಳೇ, ಮೊದಲಿಗೆ ಒಂದು ಮಾತು. ಆ ಅಕಾಡೆಮಿಗೆ ನಿಮ್ಮ ಮಗಳು ಒಂದು ದಿನವೂ ಕಲಿಸಲು ಹೋಗಬಾರದು. ನೆರೆಮನೆಯ ಟ್ಯೂಷನ್ನನ್ನೂ ಈಗ ಒಪ್ಪಿಕೊಳ್ಳಬಾರದು. ಹಾಗೆಂದು ಅವಳ ಪದವಿಗಳು ಅಲ್ಲಿ ನಿರುಪಯುಕ್ತವಾಗಿಲ್ಲ. ಕೊರಿಯಾದ ಶಾಲೆಯೊಳಗೆ ಹೋಗಲು ಕಾನೂನುಬದ್ಧವಾದ ಒಂದು ಬಾಗಿಲು ಭಾರತೀಯರಿಗೆಂದೇ ಇದೆ. ಅದರ ಕೀಲಿಯಲ್ಲಿ ಅರ್ಧ ಭಾಗ ಅವಳು ಧಾರವಾಡದಲ್ಲಿ ಸಂಪಾದಿಸಿದ ಬಿ.ಎಡ್.

ನಿಮ್ಮ ತಮ್ಮನ ಹೆಂಡತಿಯ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಗೊಂದಲ ಹುಟ್ಟಿರುವುದೇ ಅಲ್ಲಿ. ಅವರು ಪಠಾಣ್‌ಕೋಟ್‌ನಲ್ಲಿ ಕಲಿಸಿದರೂ ಪುಣೆಯಲ್ಲಿ ಕಲಿಸಿದರೂ ಕಲಿಸಿದ್ದು ತಮ್ಮ ದೇಶದಲ್ಲಿ. ಗಂಡ ಸೈನಿಕನಾಗಿರದೆ ಗುಮಾಸ್ತನಾಗಿದ್ದರೂ ಆ ಹಕ್ಕು ಅವರಿಗಿತ್ತು. ನಿಮ್ಮ ಮಗಳು ಇರುವುದು ಪರದೇಶದಲ್ಲಿ. ಅಲ್ಲಿ ಇರುವ ಹಕ್ಕು ಬೇರೆ, ದುಡಿಯುವ ಹಕ್ಕು ಬೇರೆ. ಬೀಗರು ಉಳಿಯಲು ಕೋಣೆ ಕೊಟ್ಟರೆಂದು ಅವರ ಅಂಗಡಿಯ ಗಲ್ಲಾದ ಮುಂದೆ ಹೋಗಿ ಕುಳಿತುಕೊಳ್ಳಲು ಬರುವುದಿಲ್ಲ. ಎ-3 ಎಂಬುದು ಉಳಿಯಲು ಕೊಟ್ಟ ಕೋಣೆ.

ಈ ಎ-3ರ ಬೇರು ಅಮೆರಿಕ ಮತ್ತು ಕೊರಿಯಾ 1966ರ ಜುಲೈ 9ರಂದು ಸಹಿ ಮಾಡಿದ ಪಡೆಗಳ ಸ್ಥಾನಮಾನ ಒಪ್ಪಂದದಲ್ಲಿದೆ. ಅದು 1967ರ ಫೆಬ್ರವರಿ 9ರಿಂದ ಜಾರಿಯಲ್ಲಿದೆ. ಸೈನ್ಯದವರು ಅದನ್ನು ‘ಸೋಫಾ’ ಎಂದು ಕರೆಯುತ್ತಾರೆ. ಸೈನಿಕನ ಹೆಂಡತಿ ಅಥವಾ ಗಂಡ ಮತ್ತು 21 ವರ್ಷದೊಳಗಿನ ಮಕ್ಕಳು ಈ ಒಪ್ಪಂದದ ಪ್ರಕಾರ ಅವಲಂಬಿತರು. ಅದರ 8ನೆಯ ವಿಧಿ ಇಂಥ ಕುಟುಂಬಗಳಿಗೆ ಕೊರಿಯಾದ ವಿದೇಶಿಯರ ನೋಂದಣಿ ಮತ್ತು ನಿಯಂತ್ರಣದ ನಿಯಮಗಳಿಂದ ವಿನಾಯಿತಿ ನೀಡುತ್ತದೆ. ‘ನಿಯಂತ್ರಣದಿಂದಲೇ ವಿನಾಯಿತಿ ಇದ್ದ ಮೇಲೆ ಕೆಲಸಕ್ಕೆ ಅನುಮತಿ ಯಾಕೆ?’ ಎಂಬ ವಾದವನ್ನು ನಾನು ಹಲವು ಬಾರಿ ಕೇಳಿದ್ದೇನೆ. ಕಾಗದದ ಮೇಲೆ ಚೆನ್ನಾಗಿ ಕಾಣುವ ವಾದ ಅದು. ಆದರೆ ಆ ವಿನಾಯಿತಿ ಕೊಟ್ಟಿರುವುದು ಸೇನೆಯ ಜೊತೆಗೆ ಬಂದು ನೆಲೆಸಲು. ಸ್ಥಳೀಯ ಮಾರುಕಟ್ಟೆಯಲ್ಲಿ ಕೂಲಿಗೆ ನಿಲ್ಲುವ ಹಕ್ಕನ್ನು ಒಪ್ಪಂದ ಎಲ್ಲಿಯೂ ಕೊಟ್ಟಿಲ್ಲ. ಕೊರಿಯಾದ ವಲಸೆ ಕಚೇರಿ ನಡೆದುಕೊಳ್ಳುವುದೂ ಹಾಗೆಯೇ: ಎ-3ರ ಮೇಲೆ ಇರುವವರು ಹೊರಗೆ ಸಂಬಳಕ್ಕೆ ಕೆಲಸ ಮಾಡಬೇಕೆಂದರೆ, ತಮ್ಮ ವಾಸದ ಸ್ಥಾನಮಾನದ ಹೊರಗಿನ ಚಟುವಟಿಕೆಗೆ ಅನುಮತಿ ಪಡೆಯಬೇಕು. ಕೆಲಸ ಶುರು ಮಾಡುವ ಮೊದಲು. ಒಂದು ತಿಂಗಳು ಕಲಿಸಿ ನೋಡಿ ಆಮೇಲೆ ಅರ್ಜಿ ಹಾಕೋಣ ಎನ್ನುವುದು ಸಲ್ಲದು.

ಅನುಮತಿ ಇಲ್ಲದೆ ದುಡಿದರೆ ಅಲ್ಲಿನ ವಲಸೆ ಕಾಯ್ದೆಯ 94ನೆಯ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಜೈಲು ಅಥವಾ ಮೂರು ಕೋಟಿ ವೊನ್‌ವರೆಗೆ ದಂಡ. ನಮ್ಮ ಲೆಕ್ಕದಲ್ಲಿ ಅದು ಹತ್ತು ಲಕ್ಷ ರೂಪಾಯಿಗಿಂತ ಬಹಳ ಹೆಚ್ಚು. ಎಲ್ಲರಿಗೂ ಪೂರ್ತಿ ಶಿಕ್ಷೆ ಆಗುತ್ತದೆಂದಲ್ಲ. ದಂಡ ಕಟ್ಟಿಸಿ ದೇಶ ಬಿಡಿ ಎನ್ನುವುದೂ ಉಂಟು, ಕೆಲವು ವರ್ಷ ಮರಳಿ ಬರಬೇಡಿ ಎನ್ನುವುದೂ ಉಂಟು. ನಿಮ್ಮ ಮಗಳ ಸಂಗತಿಯಲ್ಲಿ ಅದರ ಬಿಸಿ ಅಳಿಯನಿಗೂ ತಟ್ಟುತ್ತದೆ. ಅವಳು ಅಲ್ಲಿರುವುದು ಅವರ ಸೇನಾ ಆದೇಶದ ಬಲದ ಮೇಲೆ. ಹೆಂಡತಿ ಆತಿಥೇಯ ದೇಶದ ಕಾನೂನು ಮುರಿದರೆ ಕಮಾಂಡರ್ ಕರೆದು ಕೇಳುವುದು ಗಂಡನನ್ನು. ಕುಟುಂಬವನ್ನು ಅವಧಿಗೆ ಮೊದಲೇ ಅಮೆರಿಕಕ್ಕೆ ಮರಳಿ ಕಳುಹಿಸುವ ಅಧಿಕಾರವೂ ಸೇನೆಗಿದೆ.

ಇನ್ನು ‘ಕಾಗದ ಬೇಡ’ ಎಂದ ಅಕಾಡೆಮಿ. ಕೊರಿಯಾದಲ್ಲಿ ಇಂಥ ಖಾಸಗಿ ಪಾಠಶಾಲೆಗಳನ್ನು ಹಗ್ವಾನ್ ಎನ್ನುತ್ತಾರೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಸಂಜೆಯೆಲ್ಲ ಅಲ್ಲಿರುತ್ತಾರೆ. ನಮ್ಮ ಸಪ್ತಾಪುರದ ಕೋಚಿಂಗ್ ಬೀದಿಗಳನ್ನು ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವೆಂದರೆ, ಅಲ್ಲಿ ಈ ವ್ಯವಹಾರದ ಮೇಲೆ ಪ್ರತ್ಯೇಕ ಕಾಯ್ದೆಯೇ ಇದೆ. ಹಗ್ವಾನ್ ನೋಂದಣಿಯಾಗಿರಬೇಕು, ವಿದೇಶಿ ಶಿಕ್ಷಕರ ಅರ್ಹತೆ, ಅಪರಾಧ ದಾಖಲೆ ಮತ್ತು ಆರೋಗ್ಯ ತಪಾಸಣೆಯ ಕಾಗದಗಳನ್ನು ಮಾಲೀಕರು ಪರಿಶೀಲಿಸಬೇಕು. ಇಷ್ಟೆಲ್ಲ ಹೊಣೆ ಇರುವ ಮಾಲೀಕ ‘ಏನೂ ಬೇಡ’ ಎನ್ನುತ್ತಿದ್ದಾನೆಂದರೆ ತನ್ನ ಹೊಣೆಯನ್ನು ನಿಮ್ಮ ಮಗಳ ತಲೆಯ ಮೇಲೆ ಇಳಿಸುತ್ತಿದ್ದಾನೆ ಎಂದೇ ಅರ್ಥ. ನಗದು ಸಂಬಳದ ಮಾತು ನನ್ನನ್ನು ಇನ್ನೂ ಹೆದರಿಸುತ್ತದೆ. ನಾಳೆ ಅವನು ಎರಡು ತಿಂಗಳ ಸಂಬಳ ಕೊಡದೆ ಹೋದರೆ ಅವಳು ಯಾರಲ್ಲಿ ದೂರು ಕೊಡುತ್ತಾಳೆ? ದೂರಿನ ಮೊದಲ ಸಾಲಿನಲ್ಲೇ ತನ್ನ ತಪ್ಪನ್ನು ಬರೆದುಕೊಡಬೇಕಾಗುತ್ತದೆ. ಹಲವು ವರ್ಷಗಳ ಹಿಂದೆ ಹಾವೇರಿ ಜಿಲ್ಲೆಯ ಒಬ್ಬ ಹೆಣ್ಣುಮಗಳು ಕೊಲ್ಲಿ ದೇಶವೊಂದರಿಂದ ಮರಳಿ ಬಂದು ನನ್ನ ಮುಂದೆ ಕುಳಿತು ಅತ್ತಿದ್ದು ಇದೇ ಕಾರಣಕ್ಕೆ. ಕುಟುಂಬದ ವೀಸಾದ ಮೇಲೆ ಒಂದು ಶಾಲೆಯಲ್ಲಿ ಕಲಿಸಿದ್ದರು, ಐದು ತಿಂಗಳ ಸಂಬಳ ಬಾಕಿ ಇತ್ತು. ಅವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ನಾನು ಏನನ್ನೂ ಮಾಡಿಕೊಡಲಾಗಲಿಲ್ಲ. ಆ ಮುಖ ನೆನಪಿರುವುದರಿಂದಲೇ ನಿಮಗೆ ಇಷ್ಟು ಬಿರುಸಾಗಿ ಬರೆಯುತ್ತಿದ್ದೇನೆ.

ಮನೆಯ ಟ್ಯೂಷನ್ ಸಣ್ಣ ವಿಷಯವೆಂದು ತೋರುತ್ತದೆ. ಮಾಳಮಡ್ಡಿಯಲ್ಲಿ ಜಗುಲಿಯ ಮೇಲೆ ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದರೆ ಯಾರ ಅಪ್ಪಣೆ ಬೇಕು? ಕೊರಿಯಾದಲ್ಲಿ ಹಣ ಪಡೆದು ಮನೆಪಾಠ ಹೇಳುವ ಸ್ವಂತ ನಾಡಿನವರೂ ಶಿಕ್ಷಣ ಕಚೇರಿಗೆ ವರದಿ ಮಾಡಿಕೊಳ್ಳಬೇಕು. ಇಂಗ್ಲಿಷ್ ಕಲಿಸಲೆಂದೇ ಇ-2 ವೀಸಾ ಪಡೆದು ಬಂದ ವಿದೇಶಿಯರಿಗೆ ಖಾಸಗಿ ಟ್ಯೂಷನ್ ನಿಷಿದ್ಧ. ಅವರಿಗೇ ಇಲ್ಲದ ಹಕ್ಕು ಬರಿಯ ಎ-3ರವರಿಗೆ ಹೇಗೆ ಬರುತ್ತದೆ? ಸೇನಾ ನೆಲೆಯೊಳಗಿನ ಸರ್ಕಾರಿ ಮನೆಯಲ್ಲಿ ನೆಲೆಯ ಮಕ್ಕಳಿಗೇ ಕಲಿಸುವುದಾದರೆ ಅದು ಬೇರೆ ಲೆಕ್ಕ. ಅದು ಮನೆಯಿಂದ ನಡೆಸುವ ವ್ಯವಹಾರವೆನಿಸುತ್ತದೆ. ನೆಲೆಯ ಆಡಳಿತಕ್ಕೆ ಅರ್ಜಿ ಕೊಟ್ಟು ಬರವಣಿಗೆಯಲ್ಲಿ ಅನುಮತಿ ಪಡೆಯಬೇಕು. ಆ ದಾರಿ ಅವಳಿಗೆ ಬೇಗ ತೆರೆಯಬಹುದಾದದ್ದು, ಪ್ರಯತ್ನಿಸಲಿ. ಹಣವಿಲ್ಲದೆ ನೆಲೆಯ ಗ್ರಂಥಾಲಯದಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುವಂಥ ಸೇವೆಗೆ ತಕರಾರಿಲ್ಲ. ಆದರೆ ಹಗ್ವಾನ್‌ನಲ್ಲಿ ‘ಸೇವೆ’ ಮಾಡಿ ಹಬ್ಬಕ್ಕೆ ಲಕೋಟೆ ಪಡೆಯುವುದು ಸೇವೆಯಲ್ಲ, ಅದು ಸಂಬಳವೇ.

ಈಗ ಬಾಗಿಲಿನ ವಿಷಯ. ವಿದೇಶಿ ಭಾಷೆ ಕಲಿಸುವವರಿಗೆ ಕೊರಿಯಾ ಕೊಡುವ ವೀಸಾ ಇ-2. ಎ-3ರ ಮೇಲೆ ಇದ್ದುಕೊಂಡು ಹೆಚ್ಚುವರಿ ಅನುಮತಿ ಕೇಳಿದರೂ ಇ-2ಕ್ಕೆ ಬೇಕಾದ ಅರ್ಹತೆಯನ್ನೇ ತೋರಿಸಬೇಕು. ಇಂಗ್ಲಿಷ್‌ಗೆ ಸಾಮಾನ್ಯವಾಗಿ ಏಳು ದೇಶಗಳ ಪ್ರಜೆಗಳನ್ನು ಮಾತ್ರ ಒಪ್ಪುತ್ತಾರೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಇಲ್ಲಿ ನೋಡುವುದು ಪಾಸ್‌ಪೋರ್ಟನ್ನು. ಗ್ರೀನ್ ಕಾರ್ಡ್ ಅಮೆರಿಕದಲ್ಲಿ ಇರಲು ಕೊಟ್ಟ ಪತ್ರವೇ ಹೊರತು ಪೌರತ್ವವಲ್ಲ. ಅಮೆರಿಕದ ಸೈನಿಕನ ಹೆಂಡತಿ ಎಂಬುದೂ ಇಲ್ಲಿ ಲೆಕ್ಕಕ್ಕಿಲ್ಲ. ಇಂಗ್ಲಿಷನ್ನು ನಮ್ಮಷ್ಟು ಕಾಲದಿಂದ ಓದಿ ಬರೆದವರನ್ನು ಹೀಗೆ ಹೊರಗಿಡುವುದು ನನಗೆ ನ್ಯಾಯವೆಂದು ತೋರುವುದಿಲ್ಲ. ಆದರೂ ನಿಯಮ ಅದೇ.

ಆದರೆ ಭಾರತ ಮತ್ತು ಕೊರಿಯಾ 2009ರ ಆಗಸ್ಟ್ 7ರಂದು ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದಕ್ಕೆ ಸಹಿ ಮಾಡಿದವು. 2010ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಸುಂಕ, ಉಕ್ಕು, ಕಾರಿನ ಬಿಡಿಭಾಗಗಳ ನಡುವೆ ಅದರಲ್ಲಿ ವೃತ್ತಿಪರರ ಓಡಾಟದ ಭಾಗವೂ ಇದೆ. ಅಲ್ಲಿ ಭಾರತದ ಇಂಗ್ಲಿಷ್ ಸಹಾಯಕ ಶಿಕ್ಷಕರನ್ನು ಕೊರಿಯಾ ಒಪ್ಪಿಕೊಂಡಿದೆ. ಪದವಿ ಇರಬೇಕು, ಜೊತೆಗೆ ಬೋಧನೆಯ ಅರ್ಹತೆಯೂ ಇರಬೇಕು, ಕೆಲಸ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳಲ್ಲಿ. ಅಮೆರಿಕದವರಿಗೆ ಹಗ್ವಾನ್‌ನಲ್ಲಿ ಕಲಿಸಲು ಬರಿಯ ಪದವಿ ಸಾಕು. ಭಾರತೀಯರಿಗೆ ಶಿಕ್ಷಕ ತರಬೇತಿ ಬೇಕೇ ಬೇಕು. ನಿಮ್ಮ ಮಗಳ ಬಳಿ ಎರಡೂ ಇವೆ. ಈ ಬಾಗಿಲು ಹಗ್ವಾನ್‌ಗೆ ತೆರೆಯುವುದಿಲ್ಲ ಎಂಬುದನ್ನು ಮರೆಯಬೇಡಿ. ಬಾಗಿಲು ಇದ್ದ ಮಾತ್ರಕ್ಕೆ ಕೆಲಸ ಕಾದಿದೆ ಎಂದೂ ಅಲ್ಲ, ಯಾವುದಾದರೂ ಶಾಲೆ ಅಥವಾ ಪ್ರಾಂತೀಯ ಶಿಕ್ಷಣ ಕಚೇರಿ ಅವಳನ್ನು ತೆಗೆದುಕೊಳ್ಳಲು ಮುಂದೆ ಬರಬೇಕು. ಪ್ಯೊಂಗ್‌ಟೇಕ್ ಇರುವುದು ಗ್ಯೊಂಗಿ ಪ್ರಾಂತದಲ್ಲಿ, ಅಲ್ಲಿಂದ ಆರಂಭಿಸಲಿ.

ಅಂಥ ಅವಕಾಶ ಸಿಕ್ಕರೆ ಸಹಿ ಹಾಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಪಡೆಯಬೇಕು: ಎ-3ನ್ನು ಉಳಿಸಿಕೊಂಡೇ ಅನುಮತಿ ಕೊಡುತ್ತಾರೆಯೇ, ಅಥವಾ ಎ-3 ಬಿಟ್ಟು ಇ-2ಕ್ಕೆ ಬದಲಾಯಿಸಿಕೊಳ್ಳಬೇಕೇ? ಬದಲಾಯಿಸಿಕೊಂಡರೆ ಸೋಫಾ ಒಪ್ಪಂದದ ಅಡಿಯ ಸೌಲಭ್ಯಗಳ ಪ್ರಶ್ನೆ ಏಳುತ್ತದೆ. ಸೇನಾ ಆಸ್ಪತ್ರೆ, ನೆಲೆಯ ಅಂಗಡಿ, ಮನೆ, ಇವೆಲ್ಲ ಸಣ್ಣ ವಿಷಯಗಳಲ್ಲ. ನೆಲೆಯಲ್ಲಿ ಸೈನಿಕರ ಕುಟುಂಬಗಳಿಗೆ ಉಚಿತ ಸಲಹೆ ನೀಡುವ ಕಾನೂನು ಸಹಾಯ ಕಚೇರಿ ಇರುತ್ತದೆ. ಅಳಿಯ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಲಿ. ಕೊರಿಯಾದ ವಲಸೆ ಇಲಾಖೆಯ ಸಹಾಯವಾಣಿ 1345, ಇಂಗ್ಲಿಷ್‌ನಲ್ಲೂ ಮಾತನಾಡುತ್ತಾರೆ. ಎರಡೂ ಕಡೆ ಕೇಳಲಿ, ಉತ್ತರವನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳಲಿ. ಜರ್ಮನಿಯಲ್ಲೋ ಜಪಾನಿನಲ್ಲೋ ಇರುವ ಗೆಳತಿ ‘ನಾನು ಕಲಿಸುತ್ತಿದ್ದೇನೆ, ಏನೂ ಆಗಿಲ್ಲ’ ಎಂದರೆ ನಂಬಿ ಹೆಜ್ಜೆ ಇಡಬಾರದು. ನ್ಯಾಟೋ ದೇಶಗಳ ಸೋಫಾ ಒಪ್ಪಂದ 1951ರದು, ಜಪಾನಿನದು 1960ರದು, ಕೊರಿಯಾದದು ಬೇರೆಯೇ.

ಎರಡನೆಯ ದಾರಿಯೂ ಇದೆ, ಆದರೆ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಅಮೆರಿಕದ ವಲಸೆ ಕಾಯ್ದೆಯ 319(ಬಿ) ಕಲಮಿನ ಪ್ರಕಾರ, ವಿದೇಶದಲ್ಲಿ ನಿಯುಕ್ತನಾದ ಅಮೆರಿಕನ್ ಪ್ರಜೆಯ ಹೆಂಡತಿ ಗ್ರೀನ್ ಕಾರ್ಡ್ ಹೊಂದಿದ್ದರೆ, ವಾಡಿಕೆಯ ಮೂರು ಅಥವಾ ಐದು ವರ್ಷ ಕಾಯದೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಗಂಡನ ವಿದೇಶದ ನಿಯುಕ್ತಿ ಕನಿಷ್ಠ ಒಂದು ವರ್ಷದ್ದಾಗಿರಬೇಕು, ಅದು ಮುಗಿದ ಮೇಲೆ ಅಮೆರಿಕಕ್ಕೆ ಮರಳುವ ಉದ್ದೇಶ ಇರಬೇಕು. ಸೈನಿಕರ ಹೆಂಡತಿಯರಿಗೆ 2008ರ ತಿದ್ದುಪಡಿಯಿಂದ ಪೌರತ್ವದ ಪ್ರಕ್ರಿಯೆಯನ್ನು ವಿದೇಶದಲ್ಲೇ ಮುಗಿಸುವ ಅವಕಾಶವೂ ಬಂದಿದೆ. ಆಗ ಅವಳು ಆ ಏಳು ದೇಶಗಳ ಪಟ್ಟಿಯೊಳಗೆ ಬರುತ್ತಾಳೆ. ಅನುಮತಿ ಆಗಲೂ ಬೇಕು, ಆದರೆ ಪಾಸ್‌ಪೋರ್ಟಿನ ತಡೆ ಇರುವುದಿಲ್ಲ.

ಆದರೆ ಅಮೆರಿಕದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಪಾಸ್‌ಪೋರ್ಟ್ ಒಪ್ಪಿಸಿ ಸಾಗರೋತ್ತರ ಭಾರತೀಯ ಕಾರ್ಡ್ ಪಡೆಯಬಹುದು, ಬಂದು ಹೋಗಲು ತೊಂದರೆಯಿಲ್ಲ. ಆದರೆ ಆ ಕಾರ್ಡಿನವರು ಇಲ್ಲಿ ಕೃಷಿ ಭೂಮಿಯನ್ನು ಖರೀದಿಸುವಂತಿಲ್ಲ. ಕರ್ನಾಟಕ 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದ ಮೇಲೆ ಇದು ಸಡಿಲವಾಯಿತೆಂದು ಕೆಲವರು ತಿಳಿದಿದ್ದಾರೆ. ಇಲ್ಲ, ಈ ತಡೆ ಕೇಂದ್ರದ ವಿದೇಶಿ ವಿನಿಮಯ ಕಾನೂನಿನದು. ಪಿತ್ರಾರ್ಜಿತವಾಗಿ ಬರುವ ಹೊಲವನ್ನು ಪಡೆಯಲು ಅಡ್ಡಿಯಿಲ್ಲ. ನಿಮ್ಮ ಬೀಗರಿಗೆ ಗದಗದ ಕಡೆ ಎರೆಹೊಲವಿದ್ದು, ಮುಂದೆ ಸೊಸೆಯ ಹೆಸರಿನಲ್ಲಿ ನಾಲ್ಕೆಕರೆ ಕೊಳ್ಳೋಣವೆಂಬ ಯೋಚನೆ ಇದ್ದರೆ ಈಗಲೇ ಕೂತು ಮಾತನಾಡಿಕೊಳ್ಳಿ. ಒಂದು ಕೆಲಸಕ್ಕಾಗಿ ಮಾತ್ರ ಪೌರತ್ವ ಬದಲಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಮುಂದಿನ ಬದುಕು ಅಮೆರಿಕದಲ್ಲೇ ಎಂದು ಅವರಿಬ್ಬರೂ ಮೊದಲೇ ನಿರ್ಧರಿಸಿದ್ದರೆ ಮಾತು ಬೇರೆ. ಆ ಅರ್ಜಿಯಲ್ಲಿ ಎಲ್ಲಿಯಾದರೂ ಬಂಧನ ಅಥವಾ ಅಪರಾಧದ ದಾಖಲೆ ಇದೆಯೇ, ತೆರಿಗೆ ಬಾಕಿ ಇದೆಯೇ ಎಂದು ಕೇಳುತ್ತಾರೆ. ಪ್ಯೊಂಗ್‌ಟೇಕ್‌ನ ನಗದು ಸಂಬಳ ಅಲ್ಲಿಗೂ ಹಿಂಬಾಲಿಸಿ ಬರುತ್ತದೆ.

ತೆರಿಗೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಸೋಫಾ ಒಪ್ಪಂದ ತೆರಿಗೆ ಬಿಟ್ಟಿರುವುದು ಸೇನೆಯ ಕೆಲಸದಿಂದ ಬರುವ ಆದಾಯಕ್ಕೆ. ಕೊರಿಯಾದ ಶಾಲೆ ಕೊಡುವ ಸಂಬಳಕ್ಕೆ ಕೊರಿಯಾದಲ್ಲಿ ತೆರಿಗೆ ಇದೆ. ಗ್ರೀನ್ ಕಾರ್ಡಿನವರು ಜಗತ್ತಿನ ಎಲ್ಲಿ ಗಳಿಸಿದ್ದನ್ನೂ ಅಮೆರಿಕಕ್ಕೆ ತೋರಿಸಬೇಕು. ಧಾರವಾಡದ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕಲಿಸಿ ಹಣವನ್ನು ಇಲ್ಲಿನ ಖಾತೆಗೆ ಹಾಕಿಸಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಸಲಹೆಯೂ ಅವಳಿಗೆ ಬಂದೀತು. ಭಾರತದಲ್ಲಿ ಕೈಸೇರಿದ ಹಣ ಅನಿವಾಸಿಗೂ ಇಲ್ಲಿ ತೆರಿಗೆಗೆ ಒಳಪಡುತ್ತದೆ. ಕೂತು ಕೆಲಸ ಮಾಡುವ ನೆಲ ಕೊರಿಯಾದ್ದೇ ಆದ್ದರಿಂದ ಅಲ್ಲಿನ ಅನುಮತಿಯ ಪ್ರಶ್ನೆ ತಾನಾಗಿ ಹೋಗುವುದಿಲ್ಲ. ಮದುವೆಗೆ ಮೊದಲು ತೆರೆದ ಅವಳ ಉಳಿತಾಯ ಖಾತೆಯನ್ನು ಅನಿವಾಸಿ ಸಾಮಾನ್ಯ ಖಾತೆಯಾಗಿ ಬದಲಿಸಿರದಿದ್ದರೆ ಅದನ್ನೂ ಸರಿಪಡಿಸಿ.

ಕೊನೆಗೆ ಕಾಗದಗಳು. ನಮ್ಮ ಭಾಗದವರು ಹೆಚ್ಚು ಎಡವುವುದು ಇಲ್ಲಿಯೇ. ಪದವಿ ಮತ್ತು ಬಿ.ಎಡ್. ಪ್ರಮಾಣಪತ್ರಗಳಿಗೆ ಅಪಾಸ್ಟಿಲ್ ಮುದ್ರೆ, ಅಂದರೆ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರ ಒಪ್ಪಿಕೊಳ್ಳುವ ಸರ್ಕಾರಿ ದೃಢೀಕರಣ, ಬೇಕಾಗುತ್ತದೆ. ಈ ಹೇಗ್ ಒಪ್ಪಂದ ಭಾರತಕ್ಕೆ 2005ರಿಂದ, ಕೊರಿಯಾಕ್ಕೆ 2007ರಿಂದ ಅನ್ವಯಿಸುತ್ತಿದೆ. ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಅಂಕಪಟ್ಟಿಗಳ ಕಟ್ಟು ಸಾಲದು, ಘಟಿಕೋತ್ಸವದ ಪ್ರಮಾಣಪತ್ರವೇ ಬೇಕು. ಎಷ್ಟೋ ಜನ ಅದನ್ನು ವಿಶ್ವವಿದ್ಯಾಲಯದಿಂದ ತೆಗೆದುಕೊಂಡೇ ಇರುವುದಿಲ್ಲ. ಪೊಲೀಸ್ ಪ್ರಮಾಣಪತ್ರವನ್ನು ಅವಳು ಸೋಲ್‌ನ ಭಾರತೀಯ ರಾಯಭಾರ ಕಚೇರಿಯ ಮೂಲಕ ಪಡೆಯಬಹುದು. ಅಮೆರಿಕದಲ್ಲಿ ವಾಸವಿದ್ದುದರಿಂದ ಎಫ್‌ಬಿಐ ದಾಖಲೆಯನ್ನೂ ಕೇಳಬಹುದು.

ಹೆಸರನ್ನು ಇಂದೇ ಪರೀಕ್ಷಿಸಿ. ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಹುಡುಗಿಯ ಹೆಸರು, ಆಮೇಲೆ ತಂದೆಯ ಹೆಸರು. ಪದವಿಯಲ್ಲಿ ಅದೇ ಹೆಸರು ತಿರುವುಮುರುವು. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು, ಗಂಡನ ಮನೆಯ ಅಡ್ಡಹೆಸರು. ನಮಗೆ ಮೂರೂ ಒಬ್ಬಳೇ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಸೋಲ್‌ನ ಗುಮಾಸ್ತನಿಗೆ ಅವರು ಮೂವರು ಹೆಂಗಸರು. ಮದುವೆ ನೋಂದಣಿ ಪತ್ರ ಮತ್ತು ಈ ಎಲ್ಲ ಹೆಸರುಗಳೂ ಒಬ್ಬರದೇ ಎಂಬ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಾಗುಣಿತದ ವ್ಯತ್ಯಾಸ, ಒಂದು ಅಕ್ಷರ ಹೆಚ್ಚು ಕಡಿಮೆ, ಎಲ್ಲವನ್ನೂ ಅದರಲ್ಲಿ ಬರೆಸಿ.

ಇವುಗಳಲ್ಲಿ ಘಟಿಕೋತ್ಸವದ ಪ್ರಮಾಣಪತ್ರದ ಕೆಲಸವನ್ನು ಅವಳು ಬರುವವರೆಗೆ ಕಾಯದೆ ನೀವೇ ಆರಂಭಿಸಬಹುದು. ಮಗಳಿಂದ ಸಹಿ ಮಾಡಿದ ಅಧಿಕಾರ ಪತ್ರ, ಅವಳ ಪಾಸ್‌ಪೋರ್ಟ್ ಪ್ರತಿ ಮತ್ತು ಕೊನೆಯ ವರ್ಷದ ಅಂಕಪಟ್ಟಿ ತರಿಸಿಕೊಂಡು, ಮಾಳಮಡ್ಡಿಯಿಂದ ಪಾವಟೆ ನಗರದ ವಿಶ್ವವಿದ್ಯಾಲಯಕ್ಕೆ ಒಂದು ಬೆಳಗ್ಗೆ ಹೋಗಿ ಬನ್ನಿ.